ರೆಕ್ಕೆಯ ಮೇಲಿನ ಹಿಮ, ಕ್ಯಾಬಿನ್ ಒಳಗಿನ ವಿಷ

2019ರ ಜನವರಿ 21ರ ರಾತ್ರಿ. ಫ್ರಾನ್ಸಿನ ನಾಂತ್‌ನಿಂದ ಬ್ರಿಟನ್ನಿನ ಕಾರ್ಡಿಫ್‌ಗೆ ಹೊರಟಿದ್ದ ಪೈಪರ್ ಮಲಿಬು ಎಂಬ ಒಂದೇ ಎಂಜಿನ್ನಿನ ಪುಟ್ಟ ವಿಮಾನ ಇಂಗ್ಲಿಷ್ ಕಾಲುವೆಯ ಮೇಲೆ ಕಾಣೆಯಾಯಿತು. ಒಳಗಿದ್ದವರು ಇಬ್ಬರೇ. ಒಬ್ಬ ಪೈಲಟ್, ಇನ್ನೊಬ್ಬ ಅರ್ಜೆಂಟೀನಾದ 28 ವರ್ಷದ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ. ಚಳಿಗಾಲ, ರಾತ್ರಿ, ಸಮುದ್ರ. ಹಿಮ ಕಟ್ಟಿ ಬಿದ್ದಿರಬೇಕು ಅಂತಲೇ ನಾನು ಅಂದುಕೊಂಡೆ. ಆದರೆ ತನಿಖಾ ವರದಿ ಬಂದಾಗ ಗೊತ್ತಾದ ವಿಷಯ ಬೇರೆಯೇ ಇತ್ತು. ಅದಕ್ಕೆ ಕೊನೆಯಲ್ಲಿ ಬರ್ತೀನಿ. ಮೊದಲು, ಚಳಿಗಾಲಕ್ಕೆ ಒಂದು ಸಣ್ಣ ವಿಮಾನವನ್ನು ಹೇಗೆ ಸಿದ್ಧ ಮಾಡ್ತಾರೆ ನೋಡೋಣ.

ಚಳಿಗಾಲ ಅಂದರೆ ಜಕ್ಕೂರಿನಲ್ಲಿ ಮಂಜು ಕರಗೋವರೆಗೆ ಕಾಯೋದು, ಅಷ್ಟೇ. ಅಲಾಸ್ಕ, ಕೆನಡಾದಲ್ಲಿ ಹಾಗಲ್ಲ. ಪೈಲಟ್ ತರಬೇತಿಗೆ ಅಂತ ನಮ್ಮ ಹುಡುಗರೂ ಅಮೆರಿಕ, ಕೆನಡಾಕ್ಕೆ ಹೋಗ್ತಾರೆ. ಅಲ್ಲಿ ರಾತ್ರಿ ಬಯಲಲ್ಲಿ ನಿಂತ ವಿಮಾನದ ರೆಕ್ಕೆಯ ಮೇಲೆ ಬೆಳಿಗ್ಗೆ ಬಿಳಿ ಹಿಮದ ಪದರ ಇರುತ್ತೆ. ಬಡಗಿಗಳು ಬಳಸುವ ಉಪ್ಪುಕಾಗದದಷ್ಟೇ ತೆಳು, ಅಷ್ಟೇ ಒರಟು. ಇದೇನು ಮಹಾ ಅನ್ನಿಸಬಹುದು. ಆದರೆ ಇಷ್ಟೇ ಒರಟುತನ ರೆಕ್ಕೆಯ ಎತ್ತುವ ಬಲವನ್ನು ಶೇ. 30ರವರೆಗೆ ಇಳಿಸಿ, ಗಾಳಿಯ ತಡೆಯನ್ನು ಶೇ. 40ರವರೆಗೆ ಏರಿಸಬಲ್ಲದು. ಇಲ್ಲಿ ತೂಕಕ್ಕಿಂತ ಆಕಾರದ ಪ್ರಶ್ನೆ ದೊಡ್ಡದು. ನಯವಾಗಿ ಹರಿಯಬೇಕಾದ ಗಾಳಿ ಒರಟು ಮೇಲ್ಮೈಯಿಂದ ಬೇಗ ಕಿತ್ತುಕೊಂಡು ಹೋಗುತ್ತೆ. ಆದ್ದರಿಂದ ನಿಯಮ ಒಂದೇ: ರೆಕ್ಕೆ ಸ್ವಚ್ಛ ಇಲ್ಲದಿದ್ದರೆ ಹಾರಾಟ ಇಲ್ಲ. ಬಿಸಿನೀರು ಸುರಿದರಾಯಿತಲ್ಲ ಅಂತೀರಾ? ಆ ನೀರು ಕೀಲುಗಳ ಸಂದಿಗೆ ಇಳಿದು ಮತ್ತೆ ಗಡ್ಡೆ ಕಟ್ಟುತ್ತೆ. ಅದಕ್ಕೇ ರಾತ್ರಿಯೇ ರೆಕ್ಕೆಗೆ ಹೊದಿಕೆ ಹಾಕ್ತಾರೆ, ಇಲ್ಲವೇ ಗ್ಲೈಕಾಲ್ ದ್ರವ ಸಿಂಪಡಿಸ್ತಾರೆ.

ಇನ್ನು ಎಂಜಿನ್. ಎಂಜಿನಿಯರಿಂಗ್ ಓದಿದ ನನಗೆ ಬಹಳ ಇಷ್ಟವಾದ ಭಾಗ ಇದು. ಹೊರಕವಚ ಅಲ್ಯೂಮಿನಿಯಂ, ಒಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಉಕ್ಕು. ಚಳಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಕುಗ್ಗುತ್ತೆ. ಅಂದರೆ ಕವಚವೇ ಶಾಫ್ಟನ್ನು ಅಮುಕಿ ಹಿಡಿಯುತ್ತೆ. ಎಣ್ಣೆಯೋ, ಮಂದವಾಗಿ ಹರಿಯೋದೇ ಇಲ್ಲ. ಆ ಸ್ಥಿತಿಯಲ್ಲಿ ಸ್ಟಾರ್ಟ್ ಮಾಡಿದರೆ ಲೋಹಕ್ಕೆ ಲೋಹ ಉಜ್ಜುತ್ತೆ. ಹಾನಿ ಅವತ್ತೇ ಕಾಣೋದಿಲ್ಲ, ಮುಂದೊಂದು ದಿನ ಆಕಾಶದಲ್ಲಿ ಕಾಣುತ್ತೆ. ಅದಕ್ಕೆ ಹೀಟರ್ ಇಟ್ಟು ಇಡೀ ಎಂಜಿನ್ನನ್ನು ನಿಧಾನವಾಗಿ ಬೆಚ್ಚಗೆ ಮಾಡಿ ಆಮೇಲೆ ಸ್ಟಾರ್ಟ್ ಮಾಡ್ತಾರೆ. ಎಂಜಿನ್ನಿನ ಆವಿ ಹೊರಹೋಗುವ ಸಣ್ಣ ಕೊಳವೆ ಇದೆಯಲ್ಲ, ಅದರ ಬಾಯಿ ಹೆಪ್ಪುಗಟ್ಟಿದರೂ ಅಪಾಯವೇ. ಒಳಗಿನ ಒತ್ತಡ ಏರಿ ಸೀಲ್ ಕಿತ್ತು ಎಣ್ಣೆಯೆಲ್ಲ ಹೊರಗೆ ಹೋಗಬಹುದು.

ಇಂಧನದ ಲೆಕ್ಕ ಸರಳ. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿ ನೀರಾಗುತ್ತೆ, ಅದು ಪೈಪಿನಲ್ಲಿ ಗಡ್ಡೆ ಕಟ್ಟಿದರೆ ಎಂಜಿನ್ ನಿಂತೇ ಹೋಗಬಹುದು. ಸಂಜೆಯೇ ಟ್ಯಾಂಕ್ ತುಂಬಿಸಿ, ಬೆಳಿಗ್ಗೆ ತಳದಿಂದ ಸ್ವಲ್ಪ ಇಂಧನ ಹಿಡಿದು ನೋಡಿದರೆ ಗೊತ್ತಾಗುತ್ತೆ. ನೀರು ಇದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತೆ.

ಈಗ ಸಾಲಾ ವಿಷಯಕ್ಕೆ ಬರೋಣ. ಇಂಥ ಎಷ್ಟೋ ವಿಮಾನಗಳಲ್ಲಿ ಕ್ಯಾಬಿನ್ ಬೆಚ್ಚಗಾಗೋದು ಎಂಜಿನ್ನಿನ ಹೊಗೆಕೊಳವೆಯ ಶಾಖದಿಂದಲೇ. ಕೊಳವೆಯ ಸುತ್ತ ಹರಿದ ಗಾಳಿ ಬಿಸಿಯಾಗಿ ಒಳಗೆ ಬರುತ್ತೆ. ಕೊಳವೆಯಲ್ಲಿ ಒಂದು ಬಿರುಕು ಬಿಟ್ಟರೆ, ಬಿಸಿಗಾಳಿ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಸಾಲಾ ರಕ್ತದಲ್ಲಿ ಹಾಗೆ ವಿಷ ಅಂಟಿದ ಹಿಮೋಗ್ಲೋಬಿನ್ ಶೇ. 58 ಇತ್ತು. ಪೈಲಟ್ ದೇಹ ಸಿಗಲೇ ಇಲ್ಲ. ಆತನೂ ಈ ವಿಷಕ್ಕೆ ಒಳಗಾಗಿದ್ದಿರಬೇಕು ಅಂದರು ತನಿಖಾಧಿಕಾರಿಗಳು. ರಾತ್ರಿ ಹಾರಲು ಆತನಿಗೆ ಅರ್ಹತೆಯೇ ಇರಲಿಲ್ಲ ಅನ್ನೋದೂ ವರದಿಯಲ್ಲಿದೆ. ಇನ್ನೊಂದು ಮಾತೂ ಇದೆ: ವಿಷಾನಿಲ ಬಂದಾಗ ಕೂಗಿ ಎಚ್ಚರಿಸುವ ಸಾಧನ ಆ ವಿಮಾನದಲ್ಲಿ ಇರಲಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು ಅದು.

ನಮಗೇನು, ನಾವು ಸ್ವಂತ ವಿಮಾನ ಇಟ್ಟವರಾ ಅಂತ ಕೇಳಬೇಡಿ. ಪ್ರತಿ ಚಳಿಗಾಲ ನಾನು ಸ್ಟುಡಿಯೋದಲ್ಲಿ ಕೂತು ಓದುವ ಸುದ್ದಿ ಒಂದಿದೆ. ಬಾಗಿಲು, ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ. ಚಳಿ ಅಂತ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗಿದವರು ಏಳಲಿಲ್ಲ. ಸ್ಥಳ, ಹೆಸರು ಬದಲಾಗುತ್ತೆ, ಅನಿಲ ಅದೇ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಹಾಕಿಸಿ. ಕೆಂಡ ಇಟ್ಟುಕೊಂಡು ಮಲಗಲೇಬೇಡಿ. ಸ್ನಾನದ ನಡುವೆ ತಲೆ ಸುತ್ತಿದರೆ ಉಪವಾಸದ ನಿಶ್ಶಕ್ತಿ ಅಂದುಕೊಳ್ಳದೆ ತಕ್ಷಣ ಹೊರಗೆ ಬನ್ನಿ.

ರೆಕ್ಕೆಯ ಮೇಲಿನ ಹಿಮ ಕಣ್ಣಿಗೆ ಕಾಣುತ್ತೆ, ಕೈಯಿಂದ ಒರೆಸಬಹುದು. ನಾವು ಬೆಚ್ಚಗಿರಲಿ ಅಂತ ಹಚ್ಚಿಕೊಂಡ ಬೆಂಕಿ ಏನು ಬಿಡ್ತಿದೆ ಅಂತ ಕಣ್ಣಿಗೆ ಕಾಣೋದಿಲ್ಲ. ಇವತ್ತು ರಾತ್ರಿ ಮಲಗುವ ಮುಂಚೆ ನಿಮ್ಮ ಬಚ್ಚಲಿನ ಕಿಟಕಿ ತೆರೆಯುತ್ತಾ ಅಂತ ಒಮ್ಮೆ ನೋಡಿ.