ಹತ್ತು ಲೀಟರಿನಲ್ಲಿ ಒಂದು ಮಿಲಿಲೀಟರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳ ಹೆಸರನ್ನು ಕೇಳಿದೊಡನೆ ಯಾರ ಮನಸ್ಸಿನಲ್ಲಿಯೂ ಸಮುದ್ರದ ಚಿತ್ರ ಮೂಡುವುದಿಲ್ಲ. ಎರೆಯ ಹೊಲ, ಬಿಳಿಜೋಳದ ತೆನೆ, ತೊಗರಿ, ನಿಂಬೆಯ ತೋಟ, ಸುಡುವ ಬೇಸಗೆ – ಇವೇ ಕಣ್ಣ ಮುಂದೆ ಬರುತ್ತವೆ. ಕಡಲಿನ ಅಲೆಯನ್ನು ಒಮ್ಮೆಯೂ ಕಾಣದೆ ಬಾಳು ಸವೆಸಿದ ಹಿರಿಯರು ಈ ಸೀಮೆಯಲ್ಲಿ ಎಷ್ಟೋ ಮಂದಿ. ಆದರೂ ಕಡಲಿನ ಆರೋಗ್ಯದ ಸಲುವಾಗಿ ಇಂದು ಪ್ರಯೋಗಶಾಲೆಗಳಲ್ಲಿ ನಡೆಯುತ್ತಿರುವ ಒಂದು ಸೂಕ್ಷ್ಮ ಪರೀಕ್ಷೆಯನ್ನು ಅರಿಯಬೇಕೆನ್ನುವವರಿಗೆ ಈ ಸೀಮೆಯೇ ಒಳ್ಳೆಯ ಪಾಠಶಾಲೆ. ಹೇಗೆಂದು ನೋಡೋಣ.

ನಿಂಬೆಯೂ ಹಾಸುಗಲ್ಲೂ

ಮೊದಲ ಪಾಠ ಅಡಿಗೆಮನೆಯಲ್ಲಿಯೇ ಉಂಟು. ಹಿಂದೆ ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದ ತಾಳಿಕೋಟೆಯ ಸುತ್ತಮುತ್ತ ಸಿಗುವ ಫರಸಿ ಕಲ್ಲನ್ನು ನೆಲಕ್ಕೆ ಹಾಸಿದ ಮನೆಯಲ್ಲಿ ಇಂಡಿಯ ನಿಂಬೆಹಣ್ಣಿನ ರಸ ನಾಲ್ಕು ಹನಿ ಚೆಲ್ಲಿತೆನ್ನಿ. ಹತ್ತಿರದಿಂದ ನೋಡಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಒರೆಸಿದ ಮೇಲೆಯೂ ಅಲ್ಲಿ ಹೊಳಪು ಹೋದ ಒಂದು ಕಲೆ ಉಳಿಯುತ್ತದೆ. ಎಷ್ಟು ತಿಕ್ಕಿದರೂ ಅದು ಹೋಗದು. ಏಕೆಂದರೆ ಅದು ಅಂಟಿಕೊಂಡ ಕಲೆಯಲ್ಲ, ಕಲ್ಲೇ ಕರಗಿದ ಗುರುತು!

ಆ ಕಲ್ಲು ಸುಣ್ಣಕಲ್ಲು, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟು. ಹುಳಿ ತಾಕಿದೊಡನೆ ಅದು ಕರಗಿ ಇಂಗಾಲಾಮ್ಲ ಅನಿಲವನ್ನು ಹೊರಬಿಡುತ್ತದೆ. ಮಕ್ಕಳ ಪಠ್ಯಪುಸ್ತಕಗಳಲ್ಲಿ ಇಂಗಾಲದ ಡೈಆಕ್ಸೈಡ್ ಎಂದಿರುವುದು ಇದೇ ಅನಿಲ. ಕೋಟ್ಯಂತರ ವರ್ಷಗಳ ಹಿಂದೆ ಈ ಪ್ರದೇಶವನ್ನು ಆವರಿಸಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಈ ಶಿಲೆ ಪದರ ಪದರವಾಗಿ ನೆಲೆಗೊಂಡಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕಡಲನ್ನೇ ಕಾಣದ ಜನ ನಿತ್ಯವೂ ಕಡಲ ತಳವನ್ನೇ ತುಳಿಯುತ್ತಿದ್ದಾರೆಂದಾಯಿತು. ಇಂದಿನ ಕಡಲಿನಲ್ಲಿ ಶಂಖ, ಕಪ್ಪೆಚಿಪ್ಪು, ಸಿಂಪಿ, ಹವಳ ಮೊದಲಾದವು ತಮ್ಮ ಮನೆಯನ್ನು ಕಟ್ಟಿಕೊಳ್ಳುವುದೂ ಇದೇ ವಸ್ತುವಿನಿಂದ.

ಕೂಡಗಿಯ ಹೊಗೆ ಹೋಗುವುದೆಲ್ಲಿಗೆ?

ಎರಡನೆಯ ಪಾಠಕ್ಕೆ ಬಸವನ ಬಾಗೇವಾಡಿಯ ಸೀಮೆಗೆ ಬರೋಣ. ಅಲ್ಲಿನ ಕೂಡಗಿಯಲ್ಲಿ 800 ಮೆಗಾವಾಟ್‌ನ ಮೂರು ಘಟಕಗಳುಳ್ಳ ಉಷ್ಣ ವಿದ್ಯುತ್ ಸ್ಥಾವರ ನಿಂತಿದೆ. ಆಲಮಟ್ಟಿ ಜಲಾಶಯದ ನೀರನ್ನು ಬಳಸಿ, ಕಲ್ಲಿದ್ದಲನ್ನು ಉರಿಸಿ ಅದು ವಿದ್ಯುತ್ತನ್ನು ಉತ್ಪಾದಿಸುತ್ತದೆ. ನಮ್ಮ ಮನೆಯ ದೀಪ, ಮಿಕ್ಸರು, ಫ್ರಿಜ್ಜು ನಡೆಯಲು ವಿದ್ಯುತ್ತು ಬೇಕೇ ಬೇಕು. ಆದುದರಿಂದ ತಪ್ಪೆಲ್ಲವನ್ನೂ ಕೂಡಗಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಪ್ರಪಂಚದಲ್ಲಿ ಇಂಥ ಚಿಮಣಿಗಳು ಸಾವಿರಾರು, ಮೋಟಾರು ವಾಹನಗಳಂತೂ ಲೆಕ್ಕಕ್ಕೆ ಸಿಕ್ಕವು.

ಹೀಗೆ ಮನುಷ್ಯ ಗಾಳಿಗೆ ಬಿಡುವ ಇಂಗಾಲಾಮ್ಲ ಅನಿಲದಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ ಅನಿಲ ಸೌಮ್ಯವಾದ ಒಂದು ಆಮ್ಲವಾಗುತ್ತದೆ. ಸೋಡಾ ನಾಲಗೆಯನ್ನು ಚುರುಕ್ಕೆನಿಸುವುದು ಇದರಿಂದಲೇ. ಆಮ್ಲತೆಯನ್ನು ಅಳೆಯಲು 1909ರಲ್ಲಿ ಡೆನ್ಮಾರ್ಕಿನ ಸೊರೆನ್‌ಸೆನ್ ಎಂಬ ವಿಜ್ಞಾನಿ ರೂಪಿಸಿದ ಪಿಎಚ್ ಎಂಬ ಅಳತೆಗೋಲಿನಲ್ಲಿ ಕಡಲಿನ ಮೇಲ್ಪದರದ ನೀರು ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಇಷ್ಟೇ ತಾನೇ ಎನ್ನಬೇಡಿ. ಈ ಅಳತೆಗೋಲಿನಲ್ಲಿ ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು. ಆದುದರಿಂದ 0.1ರ ಇಳಿತವೆಂದರೆ ಆಮ್ಲತೆಯಲ್ಲಿ ಕಾಲುಪಾಲಿಗಿಂತ ಮಿಗಿಲಾದ ಏರಿಕೆ. ಕಡಲು ನಿಂಬೆಯ ರಸವಾಗುವುದಿಲ್ಲ. ಅದು ಈಗಲೂ ಕ್ಷಾರಗುಣದ್ದೇ. ಆದರೆ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟು ಅದರಲ್ಲಿ ಕಡಮೆಯಾಗುತ್ತ ಬರುತ್ತದೆ.

ಇದರ ಬಿಸಿ ಆಗಲೇ ಕೆಲವರಿಗೆ ತಟ್ಟಿದೆ. 2007ರಿಂದ ಮೊದಲುಗೊಂಡು ಅಮೆರಿಕದ ಆರೆಗಾನ್ ಕರಾವಳಿಯಲ್ಲಿ ಸಿಂಪಿಯ ಮರಿಗಳನ್ನು ಸಾಕುವ ಕೇಂದ್ರವೊಂದರಲ್ಲಿ ಮರಿಗಳು ಲಕ್ಷಗಟ್ಟಲೆ ಸತ್ತವು. ಮೊದಲು ರೋಗವೆಂದು ಶಂಕಿಸಿದರು. ಕೊನೆಗೆ ತಿಳಿದುಬಂದದ್ದು, ಆಳದಿಂದ ಮೇಲೆದ್ದು ಬರುತ್ತಿದ್ದ, ಇಂಗಾಲಾಮ್ಲ ತುಂಬಿದ ನೀರೇ ಕಾರಣವೆಂದು. ಆ ಮೇಲೆ ನೀರಿಗೆ ಸೋಡಿಯಂ ಕಾರ್ಬೊನೇಟನ್ನು, ಎಂದರೆ ನಮ್ಮ ಬಟ್ಟೆ ಒಗೆಯುವ ಸೋಡಾವನ್ನೇ, ಬೆರೆಸಿ ಮರಿಗಳನ್ನು ಉಳಿಸಿಕೊಂಡರು. ಸಾಕಣೆಯ ತೊಟ್ಟಿಗೆ ಈ ಮದ್ದು ಸಾಕು. ಅರಬ್ಬೀ ಸಮುದ್ರಕ್ಕೆ ಯಾರು ಬೆರೆಸುವರು?

ನಾಳೆಯ ಕಡಲು, ಇಂದಿನ ತೊಟ್ಟಿಯಲ್ಲಿ

ಇಂತಿರುವಲ್ಲಿ, ಮುಂದಿನ ಕಡಲಿನಲ್ಲಿ ಯಾವ ಜೀವಿ ಬದುಕೀತು, ಯಾವುದು ಸೊರಗೀತು ಎಂಬುದನ್ನು ಮುಂಚಿತವಾಗಿ ಅರಿಯುವುದು ಹೇಗೆ? ನಾಳೆಯ ಕಡಲನ್ನು ಇಂದೇ ಒಂದು ಗಾಜಿನ ತೊಟ್ಟಿಯಲ್ಲಿ ಸೃಷ್ಟಿಸಬೇಕು.

ಒಂದಿಷ್ಟು ಆಮ್ಲವನ್ನು ಸುರಿದರಾಯಿತಲ್ಲ ಎಂದು ತೋರಬಹುದು. ಪಿಎಚ್ ಇಳಿಯುವುದೇನೋ ನಿಜ. ಆದರೆ ಅದರಿಂದ ನೀರಿನ ಕ್ಷಾರಶಕ್ತಿಯೇ ಕುಂದುತ್ತದೆ, ನಿಜವಾದ ಕಡಲಿನಲ್ಲಿ ಹಾಗಾಗುತ್ತಿಲ್ಲ. ಪ್ರಕೃತಿಯಲ್ಲಿ ನಡೆಯುವಂತೆಯೇ ನಡೆಸಬೇಕಾದರೆ ಗಾಳಿಯಲ್ಲಿ ಇಂಗಾಲಾಮ್ಲವನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿ, ಆ ಮಿಶ್ರಣವನ್ನು ನೀರಿನೊಳಗೆ ಗುಳ್ಳೆಗುಳ್ಳೆಯಾಗಿ ಹಾಯಿಸಬೇಕು. ಅದೂ ಒಂದು ದಿನವಲ್ಲ, ವಾರಗಟ್ಟಲೆ, ತಿಂಗಳುಗಟ್ಟಲೆ.

ಈಗ ಲೆಕ್ಕವನ್ನು ಗಮನಿಸಿ. ಇಂಗಾಲಾಮ್ಲವನ್ನು ಪೂರ್ತಿಯಾಗಿ ತೆಗೆದ ಗಾಳಿ ನಿಮಿಷಕ್ಕೆ 10 ಲೀಟರು ಹರಿಯುತ್ತಿದೆಯೆಂದುಕೊಳ್ಳೋಣ. ಯಂತ್ರಯುಗಕ್ಕೆ ಮುಂಚಿನ ವಾತಾವರಣ ಬೇಕಾದರೆ ಅದಕ್ಕೆ ಬೆರೆಸಬೇಕಾದ ಇಂಗಾಲಾಮ್ಲ ನಿಮಿಷಕ್ಕೆ 2.8 ಮಿಲಿಲೀಟರು ಮಾತ್ರ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಎಂಬವರು ಅಳತೆಯನ್ನು ಆರಂಭಿಸಿದ 1958ರ ಗಾಳಿ ಬೇಕಾದರೆ 3.15. ಇಂದಿನ ಗಾಳಿಗೆ 4.2ಕ್ಕೂ ತುಸು ಹೆಚ್ಚು. ಹೊಗೆಗೆ ಕಡಿವಾಣವೇ ಇಲ್ಲದಿದ್ದರೆ ಈ ಶತಮಾನದ ಅಂತ್ಯಕ್ಕೆ ಬರಬಹುದಾದ ಗಾಳಿಗೆ 10ರ ಸಮೀಪ.

ಹತ್ತು ಲೀಟರು ಗಾಳಿಗೆ ಒಂದು ಮಿಲಿಲೀಟರು! ಚಹಾದ ಚಮಚೆಯ ಐದನೆಯ ಒಂದು ಪಾಲು. ಕೈ ಅಷ್ಟು ತಪ್ಪಿದರೆ 1958ರಿಂದ ಇಂದಿನವರೆಗಿನ ಇಡೀ ಕಾಲವೇ ತೊಟ್ಟಿಯಲ್ಲಿ ಕಲಸಿಹೋಗುತ್ತದೆ. ಆಗ ಸಿಂಪಿಯ ಮರಿ ಸತ್ತದ್ದು ಯಾವ ಕಾಲದ ಕಡಲಿನಲ್ಲಿ ಎಂದು ಹೇಳುವವರಾರು?

ಶಾಖದಿಂದ ಅಳೆಯುವ ನಲ್ಲಿ

ಆಸ್ಪತ್ರೆಗಳಲ್ಲಿ ಪ್ರಾಣವಾಯುವಿನ ಸಿಲಿಂಡರಿಗೆ ಜೋಡಿಸಿದ ಗಾಜಿನ ನಳಿಕೆಯನ್ನೂ, ಅದರೊಳಗೆ ಮೇಲೆದ್ದು ನಿಲ್ಲುವ ಪುಟ್ಟ ಗುಂಡನ್ನೂ ವಾಚಕರು ನೋಡಿರಬಹುದು. ರೋಗಿಗೆ ಅಷ್ಟು ಅಳತೆ ಸಾಕು. ಆದರೆ ಒತ್ತಡವೋ ಸೆಕೆಯೋ ಬದಲಾದರೆ ಅದರ ಎಣಿಕೆಯೂ ಜಾರುತ್ತದೆ.

ಸಂಶೋಧಕರು ಬಳಸುವ ಮಾಸ್ ಫ್ಲೋ ಕಂಟ್ರೋಲರ್ ಎಂಬ ಉಪಕರಣ ಅನಿಲದ ಗಾತ್ರವನ್ನಲ್ಲ, ದ್ರವ್ಯರಾಶಿಯನ್ನೇ ಲೆಕ್ಕಹಾಕುತ್ತದೆ. ಅದರೊಳಗೆ ಕೂದಲಿನಂಥ ಸಣ್ಣ ನಳಿಕೆಯೊಂದನ್ನು ಬಿಸಿಯಾಗಿಟ್ಟು, ಹಿಂದೆ ಮುಂದೆ ಎರಡು ಕಡೆ ಉಷ್ಣತೆಯನ್ನು ಅಳೆಯುತ್ತಾರೆ. ಅನಿಲ ನಿಂತಿದ್ದರೆ ಎರಡೂ ಕಡೆ ಒಂದೇ ಬಿಸಿ. ಹರಿಯತೊಡಗಿದರೆ ಅದು ಶಾಖವನ್ನು ಮುಂದಕ್ಕೆ ಒಯ್ಯುತ್ತದೆ. ಎರಡರ ಅಂತರದಿಂದ ಎಷ್ಟು ಅನಿಲ ಹೋಯಿತೆಂದು ತಿಳಿಯುತ್ತದೆ. ವಿದ್ಯುನ್ಮಂಡಲವೊಂದು ಅದನ್ನು ಗೊತ್ತುಪಡಿಸಿದ ಪ್ರಮಾಣದೊಡನೆ ಹೋಲಿಸಿ, ಹೆಚ್ಚಾದರೆ ಕವಾಟವನ್ನು ತುಸು ಮುಚ್ಚಿ, ಕಡಮೆಯಾದರೆ ತುಸು ತೆರೆದು, ಹಗಲಿರುಳೂ ಕಾವಲಿರುತ್ತದೆ. ಗಾಳಿಗೊಂದು, ಇಂಗಾಲಾಮ್ಲಕ್ಕೊಂದು – ಇಂಥ ಎರಡು ಇದ್ದರೆ ಬೇಕಾದ ಕಾಲದ ವಾತಾವರಣ ಸಿದ್ಧ.

ಯಂತ್ರವಿದೆಯೆಂದು ಮನುಷ್ಯ ನಿದ್ರಿಸುವಂತಿಲ್ಲ. ತೊಟ್ಟಿಯ ಜೀವಿಗಳೂ ಉಸಿರಾಡಿ ಇಂಗಾಲಾಮ್ಲವನ್ನು ಬಿಡುತ್ತವೆ. ಪಾಚಿ ಹಗಲಿನಲ್ಲಿ ಅದನ್ನು ಹೀರುತ್ತದೆ. ಆದುದರಿಂದ ನೀರಿನ ಪಿಎಚ್, ಕ್ಷಾರಶಕ್ತಿ, ಉಷ್ಣತೆ, ಉಪ್ಪು ಇವನ್ನು ಮತ್ತೆ ಮತ್ತೆ ಪರೀಕ್ಷಿಸಲೇಬೇಕು. ಇಂಥ ಪ್ರಯೋಗಗಳಿಂದ ತಿಳಿದುಬಂದದ್ದು ಒಂದೇ ಬಗೆಯ ಉತ್ತರವಲ್ಲ. ಚಿಪ್ಪಿನ ಎಳೆಯ ಮರಿಗಳು ಬಹುವಾಗಿ ಬಳಲುತ್ತವೆ. ಕೆಲವು ಜೀವಿಗಳು ತಾಳಿಕೊಳ್ಳುತ್ತವೆ. ಕೆಲವು ಕಡಲ ಹುಲ್ಲುಗಳಿಗೆ ಇದರಿಂದ ಲಾಭವೂ ಉಂಟು.

ನಾಲ್ಕು ಊರಿನ ನೀರು

ಕೊನೆಯ ಪಾಠ ನದಿಯದು. ಇಂಡಿ, ಸಿಂದಗಿಗಳ ಕಡೆ ಹರಿಯುವ ಭೀಮೆಯೂ, ಬಾಗೇವಾಡಿ, ಮುದ್ದೇಬಿಹಾಳಗಳ ಕಡೆಯ ಕೃಷ್ಣೆಯೂ ರಾಯಚೂರಿನ ಹತ್ತಿರ ಒಂದಾಗಿ ಬಂಗಾಳ ಕೊಲ್ಲಿಯನ್ನು ಸೇರುತ್ತವೆ. ಅದೇ ಕೊಲ್ಲಿಯ ಕರಾವಳಿಯ ನೀರಿನ ಆಮ್ಲತೆಯನ್ನು ಅಧ್ಯಯನ ಮಾಡಿದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಶಾಖಪಟ್ಟಣ ಕೇಂದ್ರದ ವಿಜ್ಞಾನಿಗಳು ಅದಕ್ಕೂ ಗಾಳಿಯ ಮಾಲಿನ್ಯಕ್ಕೂ ನಂಟಿದೆಯೆಂದು ವರದಿ ಮಾಡಿದ್ದಾರೆ.

ಸುಣ್ಣಕಲ್ಲಿನ ಮೇಲೆ ಬಿದ್ದ ಮಳೆ ಅದನ್ನು ಇಷ್ಟಿಷ್ಟೇ ಕರಗಿಸಿ, ಆ ಕ್ಷಾರವನ್ನು ಹೊಳೆಯ ಮೂಲಕ ಕಡಲಿಗೆ ಮುಟ್ಟಿಸುತ್ತದೆ. ಕಡಲಿನ ಹುಳಿಗೆ ಪ್ರಕೃತಿ ಗೊತ್ತುಮಾಡಿದ ಮದ್ದು ಇದು. ಆದರೆ ಅದು ಕೆಲಸ ಮಾಡುವುದು ಸಾವಿರಾರು ವರ್ಷಗಳ ನಿಧಾನದಲ್ಲಿ. ನಾವು ಹೊಗೆಯನ್ನು ಬಿಡುತ್ತಿರುವುದು ನಿಮಿಷದ ಲೆಕ್ಕದಲ್ಲಿ.

ಪ್ರಯೋಗಶಾಲೆಯ ತೊಟ್ಟಿಗೆ ಒಂದು ಮಿಲಿಲೀಟರನ್ನೂ ತಪ್ಪದಂತೆ ಕಾಯುವ ನಲ್ಲಿಯುಂಟು. ಹೊರಗಿನ ದೊಡ್ಡ ಕಡಲಿಗೆ ಅಂಥ ನಲ್ಲಿಯನ್ನು ಯಾರೂ ಜೋಡಿಸಿಲ್ಲ. ಅದರ ತಿರುಪು ಇರುವುದು ಕೂಡಗಿಯಂಥ ಊರುಗಳಲ್ಲಿ, ಮತ್ತು ಅಲ್ಲಿಂದ ಬೆಳಕನ್ನು ಪಡೆಯುವ ನಮ್ಮ ನಿಮ್ಮ ಮನೆಗಳಲ್ಲಿ.