ಮನೆಯ ಕಿವಿ, ಕಾರಿನ ಕಿವಿ

ಮನೆಯ ಹಜಾರದಲ್ಲಿ ಸಾವಿರಾರು ರೂಪಾಯಿ ಸುರಿದು ಸ್ಟೀರಿಯೋ ಜೋಡಿಸಿಕೊಂಡ ಸಂಗೀತಪ್ರಿಯರು ಕಾರಿನಲ್ಲಿ ಏನನ್ನು ಕೇಳುತ್ತಾರೆ? ಅಲ್ಲಿಯೂ ಅಷ್ಟೇ ದುಬಾರಿ ಸರಂಜಾಮು ಇರಬೇಕು ಎಂದು ಭಾವಿಸುವವರೇ ಹೆಚ್ಚು. ಆದರೆ ಈ ಹವ್ಯಾಸದಲ್ಲಿ ಪಳಗಿದವರು ಕಾರಿಗೆ ಆರಿಸಿಕೊಳ್ಳುವುದು ಸರಳ ಸಾಧನಗಳನ್ನೇ. ಇದಕ್ಕೆ ಕಾರಣ ಜಿಪುಣತನವಲ್ಲ, ಭೌತವಿಜ್ಞಾನ!

ಬಂಗಾರಪೇಟೆಯಿಂದ ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಗೆ ಕಾರಿನಲ್ಲಿ ಹೊರಟಿದ್ದೀರಿ ಎನ್ನಿ. ರಾತ್ರಿ ವೇಳೆ ಮನೆಯ ಕೋಣೆಯಲ್ಲಿ ಇರುವ ಸದ್ದು ಸುಮಾರು 35 ಡೆಸಿಬೆಲ್. ವೇಗವಾಗಿ ಓಡುವ ಕಾರಿನೊಳಗೆ ಟೈರು, ಎಂಜಿನ್, ಗಾಳಿ ಸೇರಿ ಅದು 70ರ ಆಸುಪಾಸಿಗೆ ಏರುತ್ತದೆ. ಡೆಸಿಬೆಲ್‌ನಲ್ಲಿ ಪ್ರತಿ 10ರ ಏರಿಕೆ ಎಂದರೆ ಶಬ್ದದ ತೀವ್ರತೆ 10 ಪಟ್ಟು ಹೆಚ್ಚಿದಂತೆ. ಆ ಲೆಕ್ಕದಲ್ಲಿ 35 ಡೆಸಿಬೆಲ್ ವ್ಯತ್ಯಾಸ 3,000 ಪಟ್ಟಿಗೂ ಮೀರುತ್ತದೆ. ವೀಣೆಯ ತಂತಿಯ ಕೊನೆಯ ಕಂಪನ, ಗಾಯಕರ ಉಸಿರು, ತಂಬೂರಿಯ ಝೇಂಕಾರ ಎಲ್ಲವೂ ಆ ಗದ್ದಲದಲ್ಲಿ ಮುಳುಗಿಹೋಗುತ್ತವೆ. ಕೇಳಿಸದ ಸೂಕ್ಷ್ಮಕ್ಕೆ ಹಣ ತೆತ್ತು ಪ್ರಯೋಜನವೇನು?

ಕಿಟಕಿ ಇಳಿಸಿದರಂತೂ ಗಾಳಿಯ ಸದ್ದೇ ಸದ್ದು. ಗಾಳಿಯ ತಿಂಗಳುಗಳಲ್ಲಿ ಸೈನೈಡ್ ದಿಬ್ಬಗಳ ಧೂಳನ್ನು ಕಂಡ ಕೆ.ಜಿ.ಎಫ್. ಜನರಿಗೆ ಕಿಟಕಿ ಏರಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹಳೆಯ ಸಾಹಸಗಳು

ಮನೆಯ ಸಂಗೀತವನ್ನು ಹಾಗೆಯೇ ರಸ್ತೆಗೆ ಇಳಿಸುವ ಪ್ರಯತ್ನ ಹೊಸದೇನಲ್ಲ. 1930ರಲ್ಲಿ ಅಮೆರಿಕದಲ್ಲಿ ಮೋಟೊರೋಲಾ ಕಾರ್ ರೇಡಿಯೋ ಮಾರುಕಟ್ಟೆಗೆ ಬಂತು. 1956ರಲ್ಲಿ ಕ್ರೈಸ್ಲರ್ ಕಂಪೆನಿ ಕಾರಿನಲ್ಲೇ ಗ್ರಾಮಫೋನ್ ಇಟ್ಟಿತು! ಅದಕ್ಕೆಂದೇ ನಿಮಿಷಕ್ಕೆ ಸುಮಾರು 16 ಸುತ್ತು ತಿರುಗುವ ವಿಶೇಷ ತಟ್ಟೆಗಳು ಬೇಕಿದ್ದವು. ಆ ಪ್ರಯೋಗ ಹೆಚ್ಚು ಕಾಲ ಬಾಳಲಿಲ್ಲ. ಫಿಲಿಪ್ಸ್ ಕಂಪೆನಿ 1963ರಲ್ಲಿ ತಂದ ಪುಟ್ಟ ಕ್ಯಾಸೆಟ್ ಮಾತ್ರ ಗೆದ್ದಿತು. ಧ್ವನಿಯ ಗುಣದಲ್ಲಿ ಅದು ಒಳ್ಳೆಯ ಗ್ರಾಮಫೋನ್ ತಟ್ಟೆಗೆ ಸಾಟಿಯಾಗಿರಲಿಲ್ಲ. ಆದರೆ ಕುಲುಕಾಟಕ್ಕೆ ಅಂಜುತ್ತಿರಲಿಲ್ಲ. ರಸ್ತೆಗೆ ಬೇಕಾದದ್ದು ಆ ಗುಣವೇ.

ಯಾವುದು ಮೊದಲು?

ಹೀಗಾಗಿ ಬಲ್ಲವರು ಮೊದಲು ಗಮನ ಕೊಡುವುದು ಬಾಗಿಲಿಗೆ. ಸ್ಪೀಕರಿನ ಮುಂಭಾಗದಿಂದ ಹೊಮ್ಮುವ ಅಲೆಗೂ ಹಿಂಭಾಗದಿಂದ ಹೊಮ್ಮುವ ಅಲೆಗೂ ವಿರುದ್ಧ ನಡೆ. ಬಾಗಿಲ ತಗಡಿನ ತೂತುಗಳಿಂದ ಎರಡೂ ಕಲೆತರೆ ಮಂದ್ರ ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ತೂತುಗಳನ್ನು ಮುಚ್ಚಿ, ತಗಡಿನ ಕಂಪನ ತಡೆಯುವ ರಬ್ಬರಿನಂಥ ಹಾಳೆ ಅಂಟಿಸಿದರೆ ಮೃದಂಗದ ಎಡಭಾಗದ ನಾದಕ್ಕೆ ಜೀವ ಬರುತ್ತದೆ.

ಎರಡನೆಯದು ಮುಂದಿನ ಜೋಡಿ ಸ್ಪೀಕರ್. ನಮ್ಮ ದೇಶದಲ್ಲಿ ಚಾಲಕ ಕೂರುವುದು ಬಲಗಡೆ. ಎಡಗಡೆಯ ಸ್ಪೀಕರ್ ಅರ್ಧ ಮೀಟರ್ ಹೆಚ್ಚು ದೂರವಿದ್ದರೆ ಅದರ ಶಬ್ದ ಸೆಕೆಂಡಿನ ಸಾವಿರದ ಒಂದೂವರೆ ಭಾಗದಷ್ಟು ತಡವಾಗಿ ತಲಪುತ್ತದೆ. ಅಷ್ಟು ಸಾಕು, ಹಾಡುಗಾರ ಬಲಬಾಗಿಲಲ್ಲೇ ಕುಳಿತಂತೆ ಭಾಸವಾಗಲು! ಬಲಗಡೆಯ ಶಬ್ದವನ್ನು ಅಷ್ಟೇ ತಡಮಾಡಿ ಹೊರಬಿಡುವ ಡಿಜಿಟಲ್ ಸೌಲಭ್ಯ ಈಗ ಹಲವು ಕಾರ್ ಸ್ಟೀರಿಯೋಗಳಲ್ಲಿದೆ.

ಇನ್ನು ಹಾಡಿನ ಮೂಲ. ಮನೆಯಲ್ಲಿ ಸಿ.ಡಿ. ಗುಣಮಟ್ಟಕ್ಕೆ ಕಡಿಮೆಯಾದುದನ್ನು ಮುಟ್ಟದವರೂ ಪೆನ್‌ಡ್ರೈವ್‌ನ ಒಳ್ಳೆಯ ಎಂಪಿ3ಗೆ ಕಾರಿನಲ್ಲಿ ಒಪ್ಪುತ್ತಾರೆ. ಎರಡರ ನಡುವಣ ಸಣ್ಣ ಅಂತರವನ್ನು ಟೈರಿನ ಸದ್ದು ನುಂಗಿಬಿಡುತ್ತದೆ. ಆಯ್ಕೆಯಲ್ಲೂ ಜಾಣತನವುಂಟು: ಏರಿಳಿತ ಕಡಿಮೆಯಿರುವ ಚಿತ್ರಗೀತೆ, ಭಜನೆ, ನಾಗಸ್ವರ ರಸ್ತೆಗೆ, ನಿಧಾನದ ಆಲಾಪನೆ ಮನೆಗೆ.

ಚಿನ್ನದ ಗುಟ್ಟು

ಆಡಿಯೋ ತಂತಿಗಳ ತುದಿಗೆ ಚಿನ್ನದ ಲೇಪವಿರುವುದನ್ನು ವಿದ್ಯಾರ್ಥಿಗಳು ಗಮನಿಸಿರಬಹುದು. 2001ರ ಫೆಬ್ರುವರಿಯಲ್ಲಿ ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ ಕೊಟ್ಟ ನೆಲದ ಮಕ್ಕಳು ಇದನ್ನು ತಿಳಿದಿರಲೇಬೇಕು: ಬೆಳ್ಳಿ, ತಾಮ್ರ ಎರಡೂ ಚಿನ್ನಕ್ಕಿಂತ ಒಳ್ಳೆಯ ವಿದ್ಯುದ್ವಾಹಕಗಳು. ಚಿನ್ನದ ಹಿರಿಮೆ ಎಂದರೆ ಅದಕ್ಕೆ ಕಿಲುಬು ಹಿಡಿಯದು. ಧೂಳು, ತೇವ ಇರುವಲ್ಲಿ ಅದು ಸಂಪರ್ಕವನ್ನು ಕಾಪಾಡುತ್ತದೆಯೇ ಹೊರತು ಹಾಡನ್ನು ಇಂಪು ಮಾಡುವುದಿಲ್ಲ. ಆ ಹೆಸರಿನಲ್ಲಿ ಹತ್ತು ಪಟ್ಟು ಬೆಲೆ ಕೇಳುವವರಿದ್ದಾರೆ, ಪೋಷಕರು ಎಚ್ಚರವಹಿಸುವುದು ಲೇಸು.

ಕಿವಿಯ ಲೆಕ್ಕ

ಕಾರಿಲ್ಲದವರಿಗೂ ಈ ಪಾಠ ಅನ್ವಯಿಸುತ್ತದೆ. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ವಿದ್ಯಾರ್ಥಿ ಇಯರ್‌ಫೋನ್ ಹಾಕಿಕೊಂಡಾಗಲೂ ಮಾಡುವುದು ಅದನ್ನೇ. ಗದ್ದಲವನ್ನು ಮೀರಿಸಲು ಧ್ವನಿ ಏರಿಸುತ್ತಾ ಹೋಗುತ್ತಾನೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆಯೇ ಗರಿಷ್ಠ ಮಿತಿ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು ಬರೀ 15 ನಿಮಿಷ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬಂಡೆ ಕೊರೆಯುವ ಯಂತ್ರಗಳ ಸದ್ದು ಗಣಿ ಕಾರ್ಮಿಕರ ಶ್ರವಣಶಕ್ತಿಯನ್ನು ಕಸಿಯುತ್ತದೆ ಎಂಬುದು ಲೋಕಕ್ಕೆಲ್ಲ ತಿಳಿದ ಸಂಗತಿ. ಅವರದು ಹೊಟ್ಟೆಪಾಡಾಗಿತ್ತು. ಮೊಮ್ಮಕ್ಕಳು ಅದನ್ನೇ ಹಣ ಕೊಟ್ಟು ಕೊಳ್ಳಬೇಕೆ?

ದ್ವಿಚಕ್ರ ವಾಹನ ಓಡಿಸುವಾಗ ಇಯರ್‌ಫೋನ್ ಬೇಡವೇ ಬೇಡ. ಹಿಂದಿನ ಲಾರಿಯ ಹಾರನ್ ಕೇಳಿಸದಿದ್ದರೆ ಹಾಡು ಕೇಳಿಸಿಯೂ ಫಲವಿಲ್ಲ. ಕಾರಿನಲ್ಲಾದರೆ ಪಕ್ಕದವರೊಡನೆ ಕೂಗದೆ ಮಾತಾಡುವಷ್ಟಕ್ಕೆ ಧ್ವನಿ ಇರಲಿ. ಹೊರಡುವ ಮುನ್ನವೇ ಹಾಡು ಆರಿಸಿಡಿ. ಉಳಿದ ಹಣವನ್ನು ಮನೆಯ ಸ್ಪೀಕರಿಗೋ ಸಂಗೀತದ ಪಾಠಕ್ಕೋ ಹಾಕಿದರೆ ಅದು ನಿಜವಾದ ಚಿನ್ನ.