ಸೀತಾಳೆ ದಂಡೆ ಬದನಿಕೆಯಲ್ಲ

ಹೋದ ವರ್ಷ ಮೇ ತಿಂಗಳ ಕೊನೆ. ಕೊಪ್ಪದ ಕಡೆ ಇರುವ ಚಿಕ್ಕಮ್ಮನ ಮನೆಗೆ ಹೋದಾಗ ಅಂಗಳದ ಹಳೇ ಮಾವಿನ ಮರಕ್ಕೆ ಏಣಿ ಹಾಕಿತ್ತು. ಆಳು ಮೇಲೆ ಹತ್ತಿ ಕತ್ತಿಯಿಂದ ಕೊಂಬೆ ಹೆರೆಯುತ್ತಿದ್ದ. ಬುಡದಲ್ಲಿ ಬಿದ್ದ ರಾಶಿ ನೋಡಿ ನನ್ನ ಎದೆ ಧಸಕ್ಕೆಂದಿತು. ಎಲ್ಲ ಸೀತಾಳೆ ಗಿಡಗಳು. ಕೆಲವಕ್ಕೆ ಆಗಲೇ ಗೇಣುದ್ದ ಮೊಗ್ಗಿನ ದಂಡೆ ಇಳಿಬಿದ್ದಿತ್ತು.

“ಎರಡು ವರ್ಷದಿಂದ ಕಾಯೇ ಹಿಡೀತಿಲ್ಲ ಮಾರಾಯ್ತಿ. ಈ ಬದನಿಕೆ ಮರದ ಸಾರನೆಲ್ಲ ಹೀರ್ತಾ ಇದೆ” ಎಂದರು ಚಿಕ್ಕಮ್ಮ.

ಅವರಿಗೆ ಸೀತಾಳೆ ಗೊತ್ತಿಲ್ಲವೆಂದಲ್ಲ. ಸಣ್ಣವರಿದ್ದಾಗ ಮಳೆ ಹಿಡಿಯುವ ಹೊತ್ತಿಗೆ ಆ ದಂಡೆಯನ್ನು ಜಡೆಗೆ ಮುಡಿದು ಶಾಲೆಗೆ ಹೋದವರೇ. ಮಲೆನಾಡಿನ ಹೆಚ್ಚಿನವರ ಕತೆ ಇದೇ: ಹೂವಿನ ಮೇಲೆ ಪ್ರೀತಿ ಇದೆ, ಗಿಡದ ಪರಿಚಯವಿಲ್ಲ. ಮನೆ ಅಂಗಳದಲ್ಲಿ ಸುಲಭವಾಗಿ ಬೆಳೆಯಬಲ್ಲ ಈ ಕಾಡುಹೂವನ್ನು ಬೆಳೆಸಲು ಹೋಗಿ ಸೋತವರು ಎಷ್ಟೋ ಮಂದಿ. ಸೋಲಿಗೆ ಕಾರಣ ಬಹುಪಾಲು ಈ ತಪ್ಪು ತಿಳಿವಳಿಕೆಗಳೇ.

“ಸೀತಾಳೆ ಮರದ ಸಾರ ಹೀರುತ್ತದೆ”

ಇಲ್ಲ. ಒಂದು ಹನಿಯನ್ನೂ ಹೀರುವುದಿಲ್ಲ.

ಅವತ್ತು ನಾನು ರಾಶಿಯಿಂದ ಒಂದು ಗಿಡ ಎತ್ತಿಕೊಂಡು ಚಿಕ್ಕಮ್ಮನಿಗೆ ಬೇರು ತೋರಿಸಿದೆ. ಪೆನ್ಸಿಲ್ಲಿನಷ್ಟು ದಪ್ಪ, ಬೂದಿ ಬಳಿದಂಥ ಬಿಳಿ ಬಣ್ಣ, ತುದಿಯಲ್ಲಿ ಮಾತ್ರ ಅರ್ಧ ಇಂಚು ಎಳೆ ಹಸಿರು. ತೊಗಟೆಗೆ ಅಂಟಿದ್ದ ಬದಿ ಚಪ್ಪಟೆಯಾಗಿತ್ತು. ಅಷ್ಟೇ, ಅದು ತೊಗಟೆಯ ಒಳಗೆ ಎಲ್ಲೂ ಹೊಕ್ಕಿರಲಿಲ್ಲ. ಗಿಡ ಕಿತ್ತ ಜಾಗದಲ್ಲಿ ಕೊಂಬೆಯ ಮೇಲೆ ಬೇರಿನ ಗುರುತು ಬಿಟ್ಟರೆ ಗಾಯವಿರಲಿಲ್ಲ. ಒಂದು ಚೊಂಬು ನೀರು ತರಿಸಿ ಬೇರಿನ ಮೇಲೆ ಸುರಿದೆ. ನೋಡನೋಡುತ್ತಿದ್ದಂತೆ ಬಿಳಿ ಹೋಗಿ ಬೇರು ಪೂರ್ತಿ ಹಸಿರಾಯಿತು. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಬಗ್ಗಿ ನೋಡಿದರು.

ಆ ಬಿಳಿ ಹೊದಿಕೆಗೆ ಸಸ್ಯಶಾಸ್ತ್ರದಲ್ಲಿ ವೆಲಾಮೆನ್ ಎನ್ನುತ್ತಾರೆ. ಸತ್ತ ಜೀವಕೋಶಗಳ ಸ್ಪಂಜಿನಂಥ ಪದರ ಅದು. ಒಣಗಿದ್ದಾಗ ಕೋಶಗಳಲ್ಲಿ ಗಾಳಿ ತುಂಬಿ ಬೆಳ್ಳಗೆ ಕಾಣುತ್ತದೆ. ನೀರು ಬಿದ್ದ ಕೂಡಲೇ ಹೀರಿ ಪಾರದರ್ಶಕವಾಗುತ್ತದೆ, ಆಗ ಒಳಗಿನ ಹಸಿರು ಹೊರಗೆ ಕಾಣುತ್ತದೆ. ಬೇರಿನಲ್ಲೂ ಪತ್ರಹರಿತ್ತು ಇರುವುದರಿಂದ ಅದು ಸ್ವಲ್ಪಮಟ್ಟಿಗೆ ಎಲೆಯ ಕೆಲಸವನ್ನೂ ಮಾಡುತ್ತದೆ. ಮಳೆನೀರು, ಕಾಂಡದ ಮೇಲೆ ಹರಿದು ಬರುವ ದೂಳು, ಕೊಳೆತ ಎಲೆ, ಹಕ್ಕಿಯ ಹಿಕ್ಕೆ, ಇಷ್ಟರಲ್ಲೇ ಸೀತಾಳೆಯ ಊಟ. ಮರ ಅದಕ್ಕೆ ಕೊಡುವುದು ನಿಲ್ಲಲು ಜಾಗ ಮಾತ್ರ.

ನಿಜವಾದ ಬದನಿಕೆ ಅದೇ ಮರದಲ್ಲಿ, ಹತ್ತಡಿ ಮೇಲೆ, ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಮಾವಿನ ಎಲೆಯ ನಡುವೆ ಬೇರೆಯೇ ಬಣ್ಣದ ದಪ್ಪ ಎಲೆ, ಕೊಳವೆಯಂಥ ಹೂ, ಕೊಂಬೆಗೆ ಅಂಟಿದ ಕಡೆ ಗಂಟು. ಅದರ ಬೇರು ತೊಗಟೆ ಸೀಳಿಕೊಂಡು ಒಳಗಿಳಿದು ಮರದ ನೀರು, ಲವಣ ಕದಿಯುತ್ತದೆ. ಬದನಿಕೆ ಹಕ್ಕಿ ಅಂಟು ಹಣ್ಣನ್ನು ತಿಂದು ಬೀಜವನ್ನು ಕೊಂಬೆಗೆ ಒರೆಸಿ ಹೋಗುವುದರಿಂದ ಅದು ಮರದಿಂದ ಮರಕ್ಕೆ ಹಬ್ಬುತ್ತದೆ. ಮರ ಉಳಿಸಬೇಕಾದರೆ ಗಂಟಿನ ಕೆಳಗೆ ಕೊಂಬೆ ಸಮೇತ ಕಡಿಯಬೇಕಾದದ್ದು ಅದನ್ನು. ಕಳ್ಳ ಮೇಲೆ ಕೂತಿದ್ದ, ಪೆಟ್ಟು ಬಿದ್ದದ್ದು ಸೀತಾಳೆಗೆ.

ಒಂದು ಮಾತು ಮಾತ್ರ ಒಪ್ಪಬೇಕು. ಒಣಗಿ ಟೊಳ್ಳಾದ ಕೊಂಬೆಯ ಮೇಲೆ ಗಿಡಗಳು ಹೆಚ್ಚಾದರೆ ಮಳೆಗಾಲದ ಭಾರಕ್ಕೆ ಕೊಂಬೆ ಮುರಿಯಬಹುದು. ಆದರೆ ಗಟ್ಟಿ ಕೊಂಬೆಯ ಮೇಲೆ ಅವು ನೂರಿದ್ದರೂ ಮಾವಿನ ಕಾಯಿಗೂ ಅವಕ್ಕೂ ಸಂಬಂಧವಿಲ್ಲ.

“ಕಾಡಿನ ಹೂವಲ್ಲವೇ, ಎಷ್ಟು ನೆರಳಿದ್ದರೆ ಅಷ್ಟು ಒಳ್ಳೆಯದು”

ಈ ತಪ್ಪನ್ನು ನಾನೇ ಮೂರು ವರ್ಷ ಮಾಡಿದೆ. ಬಚ್ಚಲ ಹಿಂದೆ, ಸದಾ ತಂಪಿರುವ ಕಡೆ, ಹಲಸಿನ ಮರದ ಬುಡದಲ್ಲಿ ಕಟ್ಟಿದ್ದೆ. ಎಲೆಗಳು ಕಡು ಹಸಿರಾಗಿ, ಉದ್ದವಾಗಿ, ಜೋತು ಬೆಳೆದವು. ನೋಡಿದವರೆಲ್ಲ ಎಷ್ಟು ಚೆನ್ನಾಗಿದೆ ಎಂದರು. ಹೂವು ಒಂದೂ ಬರಲಿಲ್ಲ.

ಕಾಡಿನೊಳಗೆ ನಡೆಯುವಾಗ ನಮ್ಮ ತಲೆಯ ಮೇಲೆ ದಟ್ಟ ನೆರಳು. ಸೀತಾಳೆ ಇರುವುದು ನಮ್ಮ ತಲೆಯ ಎತ್ತರದಲ್ಲಲ್ಲ, ಮರದ ಕವಲಿನಲ್ಲಿ, ಎಲೆಯ ಸಂದಿಯಿಂದ ಬಿಸಿಲು ಜಾರಿ ಬೀಳುವ ಕಡೆ. ಮತ್ತಿಯಂಥ ಎಲೆ ಉದುರಿಸುವ ಮರದ ಮೇಲಾದರೆ ಬೇಸಗೆಯಲ್ಲಿ ಅದಕ್ಕೆ ಇನ್ನೂ ಹೆಚ್ಚು ಬೆಳಕು. ಆ ಬೆಳಕಿನ ಬಲದಲ್ಲೇ ಮೇ ಕೊನೆಯಿಂದ ಜುಲೈವರೆಗೆ ನಮ್ಮಲ್ಲಿ ದಂಡೆ ಇಳಿಯುವುದು. ಚೆನ್ನಾಗಿ ಬೆಳೆದ ಗಿಡದ ದಂಡೆ ಮೊಳದುದ್ದ ಮೀರುತ್ತದೆ, ಒಂದೊಂದರಲ್ಲಿ ನೂರಕ್ಕೂ ಹೆಚ್ಚು ಹೂ. ಬಿಳಿಯ ಮೇಲೆ ನೇರಳೆ ಚುಕ್ಕೆ, ನಡುವಿನ ತುಟಿಯಂಥ ಎಸಳು ಪೂರ್ತಿ ನೇರಳೆ.

ಹಾಗಾಗಿ ತೋಟದಲ್ಲಿ ಜಾಗ ಹುಡುಕುವಾಗ ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನಕ್ಕೆ ನೆರಳಾಗುವ ಕವಲು ನೋಡಿ. ಎಲೆಯ ಬಣ್ಣವೇ ಹೇಳುತ್ತದೆ: ಕಡು ಹಸಿರಾದರೆ ಬೆಳಕು ಸಾಲದು, ತಿಳಿ ಹಸಿರಾದರೆ ಸರಿ, ಹಳದಿಗೆ ತಿರುಗಿ ಸುಟ್ಟ ಕಲೆ ಬಿದ್ದರೆ ಬಿಸಿಲು ಹೆಚ್ಚಾಯಿತು. ನನ್ನ ಗಿಡವನ್ನು ಅಂಗಳದ ಮಾವಿನ ಮೂಡಣ ಕವಲಿಗೆ ಏರಿಸಿದ ಎರಡನೇ ಮಳೆಗಾಲಕ್ಕೆ ಎರಡು ದಂಡೆ ಬಿಟ್ಟಿತು.

“ಒಳ್ಳೇ ಮಣ್ಣು, ಸಗಣಿ ಗೊಬ್ಬರ ಹಾಕಿ ಕುಂಡದಲ್ಲಿಟ್ಟರೆ ಬರುತ್ತದೆ”

ಬೆಂಗಳೂರಿಗೆ ಹೋದ ಮಕ್ಕಳು ಊರಿಂದ ಒಂದು ಗಿಡ ಒಯ್ದು ಮಾಡುವ ಮೊದಲ ಕೆಲಸ ಇದು. ಎರಡು ತಿಂಗಳಲ್ಲಿ ಗಿಡ ಹೋಗುತ್ತದೆ. ಆ ಸ್ಪಂಜು ಬೇರಿಗೆ ನೆನೆಯುವುದೂ ಬೇಕು, ನೆನೆದ ಮೇಲೆ ಗಾಳಿಯಾಡಿ ಒಣಗುವುದೂ ಬೇಕು. ಮಣ್ಣಿನೊಳಗೆ ಹೂತರೆ ಉಸಿರು ಕಟ್ಟಿ ಕೊಳೆಯುತ್ತದೆ. ಮರವಿಲ್ಲದವರು ತೊಗಟೆ ಇರುವ ಒಂದು ಮರದ ತುಂಡಿಗೆ ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕಬಹುದು. ಮರದ ಪಟ್ಟಿಯ ಬುಟ್ಟಿಯಲ್ಲಿ ಇದ್ದಿಲು ಚೂರು ಹಾಕಿ ಕೂರಿಸಬಹುದು. ಬೆಳಿಗ್ಗೆ ಬೇರು ಹಸಿರಾಗುವವರೆಗೆ ನೀರು ಚಿಮುಕಿಸಿ, ಸಂಜೆಯೊಳಗೆ ಮತ್ತೆ ಬೆಳ್ಳಗಾಗುವಂತಿರಬೇಕು. ಎಲೆಗಳು ಸೇರುವ ನಡುಸುಳಿಯಲ್ಲಿ ನೀರು ನಿಲ್ಲಬಾರದು, ಏಕೆಂದರೆ ಈ ಗಿಡ ಬೆಳೆಯುವುದು ಆ ಒಂದೇ ಸುಳಿಯಿಂದ. ಅದು ಕೊಳೆತರೆ ಗಿಡ ಉಳಿಯುವುದು ಕಷ್ಟ. ಮರದ ಮೇಲೆ ಅದು ಸ್ವಲ್ಪ ವಾಲಿಕೊಂಡು ಬೆಳೆಯುವುದು ಸುಮ್ಮನೆ ಅಲ್ಲ, ನೀರು ಜಾರಿಹೋಗಲೆಂದೇ. ಕಟ್ಟುವಾಗ ನೀವೂ ಹಾಗೆಯೇ ವಾಲಿಸಿ ಕಟ್ಟಿ.

ಮಲೆನಾಡಿನ ಮನೆಗಳಲ್ಲಿ ಮಳೆಗಾಲವಿಡೀ ನೀವು ಮಾಡುವುದು ಏನೂ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಎಲೆ ಸುಕ್ಕುಗಟ್ಟಿದರೆ ವಾರಕ್ಕೆರಡು ಸಲ ಬೇರಿಗೆ ನೀರು ಹೊಡೆದರೆ ಸಾಕು.

“ಅಡಿಕೆ ತೋಟ ತಂಪಲ್ಲವೇ, ಅಲ್ಲೇ ಕಟ್ಟೋಣ”

ತಂಪು ಹೌದು. ಆದರೆ ಅಡಿಕೆ ಮರ ನುಣುಪು, ಬೇರು ಹಿಡಿಯಲು ಒರಟು ತೊಗಟೆ ಬೇಕು. ಜೊತೆಗೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ತಾಮ್ರವಿದೆ. ಸೀತಾಳೆಯೂ ಒಂದು ಆರ್ಕಿಡ್, ಅನೇಕ ಆರ್ಕಿಡ್‌ಗಳ ಎಳೆ ಬೇರು, ಚಿಗುರಿಗೆ ತಾಮ್ರ ಆಗದು. ಇದೇ ಕಾರಣಕ್ಕೆ ತಾಮ್ರದ ತಂತಿಯಿಂದ ಗಿಡ ಕಟ್ಟಬಾರದು. ತೊಗಟೆ ಸುಲಿಯುವ ಪೇರಲೆ, ನಂದಿ, ನೀಲಗಿರಿ ಕೂಡ ಬೇಡ. ಬೇರು ಹಿಡಿದ ತೊಗಟೆ ಉದುರಿದರೆ ಗಿಡವೂ ಅದರ ಜೊತೆ ಬೀಳುತ್ತದೆ. ಮಾವು, ಹಲಸು, ಮತ್ತಿ ಒಳ್ಳೆಯವು.

“ಬೀಜ ಬಿದ್ದು ತಾನೇ ಹುಟ್ಟುತ್ತದೆ, ಕಾಡಿಂದ ಒಂದು ತಂದರೆ ಏನಾಯಿತು?”

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವುದು ಈ ಮಾತು. ಸೀತಾಳೆಯ ಒಂದು ಕಾಯಿಯಲ್ಲಿ ಲೆಕ್ಕವಿಲ್ಲದಷ್ಟು ಬೀಜಗಳು, ನಿಜ. ಊದಿದರೆ ಹಾರುವ ಹಿಟ್ಟಿನಂಥ ಬೀಜ. ಆದರೆ ಭತ್ತದ ಕಾಳಿನೊಳಗೆ ಮೊಳಕೆಗೆಂದು ಅನ್ನ ಕೂಡಿಟ್ಟಿರುವಂತೆ ಇದರೊಳಗೆ ಏನೂ ಇಲ್ಲ. ತೊಗಟೆಯ ಮೇಲೆ ಸರಿಯಾದ ಒಂದು ಶಿಲೀಂಧ್ರ ಸಿಕ್ಕಿ, ಅದು ಬೀಜದೊಳಗೆ ಹೊಕ್ಕು ಆಹಾರ ಒದಗಿಸಿದರೆ ಮಾತ್ರ ಮೊಳಕೆ. ಆರ್ಕಿಡ್ ಬೀಜಕ್ಕೆ ಶಿಲೀಂಧ್ರದ ನೆರವು ಬೇಕೆಂದು 1899ರಲ್ಲಿ ಕಂಡುಕೊಂಡವರು ಫ್ರಾನ್ಸಿನ ನೋಯೆಲ್ ಬರ್ನಾರ್. ಶಿಲೀಂಧ್ರವಿಲ್ಲದೆ, ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಬೀಜ ಮೊಳೆಸಬಹುದೆಂದು 1922ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಲೂಯಿಸ್ ನಡ್ಸನ್. ಇವತ್ತು ಪ್ರಯೋಗಾಲಯದ ಸೀಸೆಗಳಲ್ಲಿ ಆರ್ಕಿಡ್ ಸಸಿ ಬೆಳೆಸುವುದೆಲ್ಲ ಅಲ್ಲಿಂದ ಬಂದದ್ದು. ಕಾಡಿನಲ್ಲಿ ಮಾತ್ರ ಲಕ್ಷಗಟ್ಟಲೆ ಬೀಜ ಹಾರಿದರೂ ಉಳಿಯುವುದು ಬೆರಳೆಣಿಕೆ, ಅದು ಹೂ ಬಿಡುವ ಹೊತ್ತಿಗೆ ಹಲವು ವರ್ಷ. ನಾವು ಒಂದು ನಿಮಿಷದಲ್ಲಿ ಕೀಳುವ ಗಿಡಕ್ಕೆ ಇಷ್ಟು ಕತೆ ಇದೆ.

ಮೀಸಲು ಅರಣ್ಯದಿಂದ ಗಿಡ ಕೀಳುವುದು ಅಪರಾಧ. ಕಾಡು ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲೂ ಆರ್ಕಿಡ್ ಕುಟುಂಬವೇ ಇದೆ. ಹೂ ಮುಡಿಯುವುದರಿಂದ ಗಿಡ ಸಾಯುವುದಿಲ್ಲ, ಆದರೆ ಎಲ್ಲ ದಂಡೆಯನ್ನೂ ಕೊಯ್ದರೆ ಬೀಜವಾಗುವುದು ಯಾವುದರಿಂದ? ಒಂದೆರಡು ದಂಡೆ ಗಿಡದಲ್ಲೇ ಬಿಡಿ. ಅಸ್ಸಾಮಿನಲ್ಲಿ ಇದಕ್ಕೆ ಕಪೌ ಫೂಲ್ ಎಂದು ಹೆಸರು, ಅದು ಅಲ್ಲಿನ ರಾಜ್ಯಪುಷ್ಪ, ಪಕ್ಕದ ಅರುಣಾಚಲ ಪ್ರದೇಶದ್ದೂ ಹೌದು. ಬಿಹು ಕುಣಿಯುವ ಹೆಣ್ಣುಮಕ್ಕಳು ತುರುಬಿಗೆ ಇದನ್ನೇ ಮುಡಿಯುತ್ತಾರೆ. ಈಗ ಅಲ್ಲಿ ಕೃತಕ ಕಪೌ ಹೂವೂ ಮಾರಾಟಕ್ಕಿದೆ.

ಹಾಗಾದರೆ ಗಿಡ ಎಲ್ಲಿಂದ ತರುವುದು? ಕಾಫಿ ತೋಟದಲ್ಲಿ ಮರಗಸಿ ನಡೆಯುವಾಗ ಹೋಗಿ ನೋಡಿ. ನೆರಳಿನ ಮರಗಳ ಕೊಂಬೆ ಇಳಿಸುವಾಗ ಅದರ ಜೊತೆಗೇ ಸೀತಾಳೆಗಳು ಕೆಳಗೆ ಬಿದ್ದಿರುತ್ತವೆ. ಯಾರೂ ಎತ್ತದಿದ್ದರೆ ಬಿಸಿಲಿಗೆ ಒಣಗುತ್ತವೆ, ಇಲ್ಲವೇ ಸೌದೆಯ ಜೊತೆ ಒಲೆಗೆ ಹೋಗುತ್ತವೆ. ಗಾಳಿಮಳೆಗೆ ತೋಟದಲ್ಲಿ, ಅಂಗಳದಲ್ಲಿ ಮುರಿದು ಬಿದ್ದ ಕೊಂಬೆಯಲ್ಲೂ ಇರುತ್ತವೆ. ತೋಟದವರನ್ನು ಕೇಳಿ ಅವನ್ನು ತನ್ನಿ. ನಿಂತ ಮರದಿಂದ ಒಂದನ್ನೂ ಕೀಳಬೇಕಿಲ್ಲ. ಪೇಟೆಯಲ್ಲಿ ಕೊಳ್ಳುವುದಾದರೆ ಸೀಸೆಯಲ್ಲಿ ಬೆಳೆಸಿದ ಸಸಿಯೇ ಎಂದು ಕೇಳಿ ಕೊಳ್ಳಿ. ಬೇರಿಗೆ ಕಾಡುಮರದ ತೊಗಟೆ ಅಂಟಿಕೊಂಡಿದ್ದರೆ ಅದು ಎಲ್ಲಿಂದ ಬಂದದ್ದೆಂದು ಬೇರೆ ಹೇಳಬೇಕಾಗಿಲ್ಲ.

ಅವತ್ತು ಚಿಕ್ಕಮ್ಮನ ಅಂಗಳದ ರಾಶಿಯಲ್ಲಿ ಹದಿನಾಲ್ಕು ಗಿಡ ಸಿಕ್ಕವು. ಸತ್ತ ಬೇರು ಕತ್ತರಿಸಿ, ಎರಡು ದಿನ ಜಗಲಿಯ ನೆರಳಿನಲ್ಲಿಟ್ಟು, ರೋಹಿಣಿ ಮಳೆ ಒಂದೆರಡು ಸಲ ಬಂದ ಮೇಲೆ ತೆಂಗಿನ ನಾರಿನ ಹಗ್ಗದಿಂದ ಅದೇ ಮಾವಿಗೆ ಕಟ್ಟಿದೆವು. ಏಣಿ ಹಿಡಿದವರು ಚಿಕ್ಕಮ್ಮ. ಗಿಡ ಅಲುಗಾಡಬಾರದು, ಹಾಗೆಂದು ಹಗ್ಗ ಬೇರನ್ನು ಕುಯ್ಯುವಷ್ಟು ಬಿಗಿಯೂ ಆಗಬಾರದು. ಕಟ್ಟಿದ ವರ್ಷ ಹೂ ನಿರೀಕ್ಷಿಸಬಾರದು. ಹೊಸ ಬೇರು ಬಂದರೆ ಅದೇ ಲಾಭ. ಈ ಮೇ ತಿಂಗಳಲ್ಲಿ ಹೋಗಿ ನೋಡಿದಾಗ ಹದಿನಾಲ್ಕರಲ್ಲಿ ಹನ್ನೊಂದು ಉಳಿದಿದ್ದವು. ಹಸಿರು ತುದಿಯ ಬೇರುಗಳು ಹಗ್ಗ ದಾಟಿ ತೊಗಟೆಯ ಬಿರುಕಿನ ಉದ್ದಕ್ಕೂ ಅಂಗೈ ಅಗಲ ಹರಿದಿದ್ದವು. ಒಂದು ಗಿಡವನ್ನು ಮೆಲ್ಲಗೆ ಅಲುಗಿಸಿ ನೋಡಿದೆ, ಕದಲಲಿಲ್ಲ. ಅದರ ಹಗ್ಗ ಬಿಚ್ಚಿದೆ. ಉಳಿದವಕ್ಕೆ ಇನ್ನೊಂದು ಮಳೆಗಾಲ ಬೇಕು.